ಲೆಸ್ಟರ್ ಪಾರಿಸನ ಒಂದು ದಿನದ ಉಪವಾಸ

ಎಲ್ಲಕ್ಕೂ ಮೂಲ ಒಂದು ಸೌಟು ತುಪ್ಪ. ರಾಜಮತಿ ಅದನ್ನು ತಮ್ಮನ ತಾಟಿನ ಹೋಳಿಗೆಗೆ ಸುರಿಯಲು ಬಗ್ಗಿದಾಗ ಪಾರಿಸ ಎರಡೂ ಕೈ ಅಡ್ಡ ಹಿಡಿದ. ತುಪ್ಪ ಕೈಮೇಲೆಯೇ ಬಿತ್ತು. ಸುಡುತ್ತಿತ್ತು. ಆದರೂ ಅವನು ಕೈ ತೆಗೆಯಲಿಲ್ಲ.

ಹದಿನೇಳು ವರ್ಷಗಳ ಹಿಂದೆ ಬೇಡಕಿಹಾಳ ಬಿಟ್ಟು ಇಂಗ್ಲೆಂಡಿನ ಲೆಸ್ಟರ್ ಸೇರಿದ್ದ ಪಾರಿಸ, ಅಲ್ಲೊಂದು ಬನಿಯನ್ ಕಾರ್ಖಾನೆಯಲ್ಲಿ ದಿನವಿಡೀ ಕೂತು ಹೊಲಿಯುತ್ತಿದ್ದ. ತೊಂಬತ್ತೊಂದರ ಜನವರಿಯಲ್ಲಿ ಎರಡು ವಾರ ರಜೆ ಹಾಕಿ ಅಕ್ಕನನ್ನು ನೋಡಲು ಬಂದ. ಬರುವಾಗ ಸಕ್ಕರೆ ಕಾಯಿಲೆಯನ್ನೂ ಜೊತೆಗೆ ತಂದ. ಅದೇನೂ ಅವನೊಬ್ಬನ ಗಳಿಕೆಯಲ್ಲ. ಲೆಸ್ಟರಿನ ಅವನ ಓಣಿಯಲ್ಲಿದ್ದ ನಮ್ಮ ದೇಶದವರಲ್ಲಿ ಅರ್ಧಕ್ಕರ್ಧ ಜನರಿಗೆ ಅದಿತ್ತು. ನೀವು ಹೊಲ ಬಿಟ್ಟು ಬಂದಿರಿ, ಹೊಲದವರ ಊಟ ಬಿಟ್ಟು ಬರಲಿಲ್ಲ ಎಂದು ಅಲ್ಲಿಯ ಗುಜರಾತಿ ಡಾಕ್ಟರು ಬೈದು, ದಿನಾ ಬೆಳಿಗ್ಗೆ ಒಂದು ಗುಳಿಗೆ ಬರೆದುಕೊಟ್ಟಿದ್ದರು.

ಊರಿಗೆ ಬಂದ ದಿನವೇ ಅವನು ಅಕ್ಕನಿಗೆ ನಿಜ ಹೇಳಿದ್ದ.

"ಸಕ್ಕರಿ ಬ್ಯಾನಿ?" ಅಕ್ಕ ನಕ್ಕಿದ್ದಳು. "ಸುತ್ತೆಲ್ಲಾ ಸಕ್ಕರಿ ಫ್ಯಾಕ್ಟರಿ ಅದಾವು. ಹಂತಾ ಬ್ಯಾನಿ ಇದ್ದಿದ್ರ ಮೊದಲ ನಮಗ ಬರತಿದ್ದಿಲ್ಲೇನೋ? ಆ ಥಂಡಿ ದೇಶದಾಗ ಬ್ರೆಡ್ ತಿಂದು ತಿಂದು ಒಣಗೀದಿ. ಸುಮ್ನ ತಿನ್ನು."

ಮೂರು ದಿನ ತಿಂದ. ಮೊದಲ ದಿನ ಶ್ರೀಖಂಡ, ಎರಡನೆಯ ದಿನ ಗೋಧಿ ಹುಗ್ಗಿ, ಮೂರನೆಯ ದಿನ ಐದು ಮನೆಗಳ ಚಹಾ. ಆ ಚಹಾ ಕುಡಿದರೆ ತುಟಿಗೆ ತುಟಿ ಅಂಟುತ್ತಿತ್ತು. ಬಾಯಿ ಒಣಗತೊಡಗಿತು, ಕಣ್ಣು ಮಂಜಾಯಿತು. ನಾಲ್ಕನೆಯ ಬೆಳಿಗ್ಗೆ ಗುಳಿಗೆ ನುಂಗಿ ಬಂದು ಕೂತರೆ, ತಾಟಿನಲ್ಲಿ ಹೋಳಿಗೆಗಳು ತಲಾಠಿ ಕಚೇರಿಯ ಕಡತಗಳಂತೆ ಒಂದರ ಮೇಲೊಂದು ಪೇರಿಕೊಂಡಿದ್ದವು. ಬಾಗಿಲಲ್ಲಿ ಪಕ್ಕದ ಮನೆಯ ಮಂಗಲ ಡಬ್ಬಿ ತುಂಬ ಬುಂದಿ ಉಂಡಿ ಹಿಡಿದು ತನ್ನ ಪಾಳಿಗಾಗಿ ಕಾದು ನಿಂತಿದ್ದಳು. ತುಪ್ಪ ಕೈಮೇಲೆ ಬಿದ್ದದ್ದು ಆಗಲೇ. ಆ ಉರಿಯಲ್ಲಿ ಪಾರಿಸನ ಬಾಯಿಂದ ಅವನಿಗೇ ತಿಳಿಯದಂತೆ ಮಾತೊಂದು ಹೊರಬಿತ್ತು.

"ಅಕ್ಕಾ, ಇವತ್ತ ನಂದು ಉಪವಾಸ!"

ಕಾಯಿಲೆಯನ್ನು ನಂಬದಿದ್ದ ರಾಜಮತಿ ಇದನ್ನು ಆ ಕ್ಷಣವೇ ನಂಬಿದಳು. ಅವಳ ಕಣ್ಣು ತುಂಬಿ ಬಂತು. "ನೋಡವಾ ಮಂಗಲಾ, ಪರದೇಶಕ್ಕ ಹೋದ್ರೂ ನನ್ನ ತಮ್ಮ ಧರ್ಮ ಬಿಟ್ಟಿಲ್ಲ!"

ಮಂಗಲ ಡಬ್ಬಿ ಮುಚ್ಚಿ ಬಾಯಿ ತೆರೆದಳು. ಅರ್ಧ ತಾಸಿನಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತು. ಊರಿನ ಜೈನ ಬಸ್ತಿಯ ಪೂಜೆ ಪುನಸ್ಕಾರಗಳಿಗೆಲ್ಲ ಮುಂದೆ ನಿಲ್ಲುವ ದಾದಾಸಾಹೇಬ ಕಾಕಾ ಹಾರ ಹಿಡಿದುಕೊಂಡೇ ಬಂದರು.

"ಬರೇ ನೀರಿನ ಮ್ಯಾಲೇನೋ?"

ಚಹಾವೂ ತಪ್ಪಿತಲ್ಲ ಎಂಬ ಖುಷಿಯಲ್ಲಿ ಪಾರಿಸ, "ಹೌದ್ರಿ ಕಾಕಾ" ಎಂದುಬಿಟ್ಟ.

ಹನ್ನೊಂದರವರೆಗೆ ಕಟ್ಟೆಯ ಮೇಲೆ ಹಾರ ಹಾಕಿಕೊಂಡು ಕೂತ ಅವನಷ್ಟು ಸುಖಿ ಬೇರೆ ಯಾರೂ ಇರಲಿಲ್ಲ. ಜನ ಬಂದರು, ಕೈಮುಗಿದರು, ಏನನ್ನೂ ತಿನ್ನಿಸದೆ ಹೋದರು.

ಹನ್ನೆರಡಕ್ಕೆ ಕೈ ನಡುಗಿತು. ಒಂದಕ್ಕೆ ಆ ಚಳಿಯಲ್ಲೂ ಅಂಗಿ ಬೆವರಿನಿಂದ ತೊಯ್ದಿತು. ಎರಡಕ್ಕೆ ಎದುರು ಕಟ್ಟಿದ್ದ ಎಮ್ಮೆ ಎರಡಾಗಿ ಕಂಡಿತು. ಆಗ ಪಾರಿಸನಿಗೆ ಡಾಕ್ಟರ ಇನ್ನೊಂದು ಮಾತು ನೆನಪಾಯಿತು. ಗುಳಿಗೆ ನುಂಗಿ ಹಸಿದಿರಬಾರದು. ಮೈಯ ಸಕ್ಕರೆ ತೀರ ಇಳಿದುಬಿಡುತ್ತದೆ. ಕೂಡಲೇ ಸಿಹಿ ತಿನ್ನದಿದ್ದರೆ ಜೀವಕ್ಕೇ ಅಪಾಯ.

ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದ.

"ಅಕ್ಕಾ, ಒಂದ ಚಮಚ ಸಕ್ಕರಿ ಕೊಡ. ಜೀವಾ ಹೊಂಟೈತಿ."

"ಮನ್ಯಾಗ ಏನೂ ಇಟ್ಟಿಲ್ಲೋ ತಮ್ಮಾ. ಕಣ್ಣಿಗೆ ಬಿದ್ರ ನಿನಗ ಆಸೆ ಆಗತೈತಂತ ಎಲ್ಲಾ ಮಂಗಲನ ಮನಿಗೆ ಕಳಿಸೇನಿ."

"ಉಪವಾಸ ಇಲ್ಲ, ಏನಿಲ್ಲ. ನಾ ಸುಳ್ಳ ಹೇಳಿದೆ. ಖರೇನ ಸಕ್ಕರಿ ಬ್ಯಾನಿ ಐತಿ ನನಗ!"

"ಸಕ್ಕರಿ ಬ್ಯಾನಿ ಇದ್ದಾಂವ ಸಕ್ಕರಿ ಯಾಕ ಬೇಡತಾನೋ?"

ಪಾರಿಸ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡತೊಡಗಿದ. ಕಟ್ಟೆಯಿಂದ ಕಾಕಾ ಕೂಗಿದರು: "ಹಸಿವಿ ಹಂಗ ಮಾತಾಡಸತೈತಿ, ರಾಜಮತಿ. ನೀ ಕರಗಬ್ಯಾಡ. ನೀರ ಕೊಡು."

ಅವನು ಮಂಗಲಳ ಬಾಗಿಲು ಬಡಿದ. ಅವಳು ಒಳಗಿನಿಂದ ಅಗಳಿ ಹಾಕಿಕೊಂಡು ಕಿಟಕಿಯಲ್ಲಿ ಕೈಮುಗಿದಳು. "ಪಾಪ ನನ್ನ ತಲಿಮ್ಯಾಲ ಹಾಕಬ್ಯಾಡ್ರಿ ಅಣ್ಣಾ." ತುಕಾರಾಮನ ಕಿರಾಣಿ ಅಂಗಡಿಗೆ ಹೋಗಿ ಪೆಪ್ಪರಮೆಂಟಿನ ಭರಣಿಗೆ ಕೈ ಚಾಚಿದ. ತುಕಾರಾಮ ಭರಣಿಯನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ಹಿಂದೆ ಸರಿದ. "ನಕೋ ರೇ ದೇವಾ! ನಿಮ್ಮ ಉಪವಾಸ ಮುರದ್ರ ನನಗ ಈ ಊರಾಗ ಅಂಗಡಿ ಇಡಾಕ ಬಿಡತಾರೇನ್ರಿ?"

ಹದಿನೇಳು ವರ್ಷ ದುಡಿದದ್ದು ಯಾರಿಗಾಗಿ? ಹುಟ್ಟಿದೂರಿನ ಬೀದಿಯಲ್ಲಿ ಒಂದು ಹರಳು ಸಕ್ಕರೆ ಸಿಗದೆ ಸಾಯಬೇಕೆ? ಪಾರಿಸನಿಗೆ ಅಳು ಬಂತು. ಅಷ್ಟರಲ್ಲಿ ತಿರುವಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಫ್ಯಾಕ್ಟರಿಯ ಕಡೆಗೆ ನಿಧಾನಕ್ಕೆ ಹೊರಳಿತು. ಓಡಲು ಮರೆತಿದ್ದ ಕಾಲುಗಳು ಓಡಿದವು. ಜೋತುಬಿದ್ದು ಒಂದು ಜಲ್ಲೆ ಎಳೆದ. ಅದರೊಂದಿಗೆ ಇನ್ನೆರಡು ಬಂದವು, ಪಾರಿಸನೂ ನೆಲಕ್ಕೆ ಬಂದ. ಬಿದ್ದಲ್ಲಿಯೇ ಕೂತು, ಸಿಪ್ಪೆ ಸುಲಿಯುವಷ್ಟೂ ತಾಳ್ಮೆಯಿಲ್ಲದೆ, ತುಟಿ ಹರಿದು ರಕ್ತ ಬಂದರೂ ಬಿಡದೆ ಅಗಿದ. ಒಂದೂವರೆ ಜಲ್ಲೆ ಮುಗಿಯುವಷ್ಟರಲ್ಲಿ ನಡುಕ ನಿಂತಿತು, ಲೋಕ ಮತ್ತೆ ಒಂದೊಂದಾಗಿ ಕಂಡಿತು.

ತಲೆಯೆತ್ತಿದರೆ ಸುತ್ತಲೂ ಊರೇ ನಿಂತಿತ್ತು. ರಾಜಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಹೋಗಲಿ, ಒಂದು ಸಲ ಮಾನ ಹೋದರೆ ಹೋಯಿತು, ಇನ್ನು ಹತ್ತು ದಿನ ಯಾರೂ ಊಟಕ್ಕೆ ಕರೆಯುವುದಿಲ್ಲ ಎಂದು ಪಾರಿಸನಿಗೆ ಒಳಗೊಳಗೇ ಸಮಾಧಾನವಾಯಿತು. "ಹೌದು, ಮುರದೇನಿ!" ಎಂದು ಕೂಗಿದ. "ನಾ ಪಾಪಿ! ಇನ್ನ ನನಗ ಯಾರೂ ಮನಿಗೆ ಕರೀಬ್ಯಾಡ್ರಿ!"

ದಾದಾಸಾಹೇಬ ಕಾಕಾ ಮುಂದೆ ಬಂದರು. ಅವನ ಕೈಯ ಕಬ್ಬನ್ನು ನೋಡಿದರು, ಗಲ್ಲದ ಮೇಲೆ ಇಳಿಯುತ್ತಿದ್ದ ಅದರ ಹಾಲನ್ನು ನೋಡಿದರು. ಆಮೇಲೆ ಮೆಲ್ಲಗೆ ಟೊಪ್ಪಿಗೆ ತೆಗೆದರು.

"ಯಾ ಪಾಪಿಲೇ? ನಮ್ಮ ಮೊದಲ ತೀರ್ಥಂಕರ ಆದಿನಾಥ ಸ್ವಾಮಿ ವರ್ಷದ ಉಪವಾಸ ಬಿಟ್ಟದ್ದು ಯಾತರಿಂದ? ಕಬ್ಬಿನ ಹಾಲಿಂದ! ನಮಗ್ಯಾರಿಗೂ ನೆನಪ ಇರಲಿಲ್ಲ, ಈ ಲಂಡನ್ ಹುಡುಗಗ ನೆನಪ ಐತಿ!"

ಜಯಕಾರ ಎದ್ದಿತು. ಟ್ರ್ಯಾಕ್ಟರಿನ ಡ್ರೈವರ್ ಧೂಳಪ್ಪ, ಬೈಯಲು ಇಳಿದವನು, ಕಾಲಿಗೆ ಬಿದ್ದ.

"ಉಪವಾಸ ಬಿಟ್ಟಾಂವಗ ಊರ ಉಣ್ಣಸಬೇಕು" ಎಂದು ಕಾಕಾ ಅಪ್ಪಣೆ ಮಾಡಿದರು. "ಹೊತ್ತ ಮುಳಗಿದ ಮ್ಯಾಲ ಉಣಸೂ ಹಂಗಿಲ್ಲ, ಇನ್ನ ಮೂರ ತಾಸ ಐತಿ, ಇದ್ದದ್ದ ತರ್ರಿ. ಉಳದವರು ನಾಳಿಂದ ದಿನಾ ಎರಡೆರಡ ಮನಿ ಪಾಳಿ ಹಚ್ಚರಿ. ಇಂವಾ ವಿಮಾನ ಹತ್ತೂತನಕ ಒಂದ ಮನಿನೂ ತಪ್ಪಬಾರದು."

ರಾಜಮತಿ ಮಂಗಲಳ ಮನೆಗೆ ಓಡಿ ಹೋಗಿ, ಓಡಿ ಬಂದಳು. ಪಾರಿಸನಿಗೆ ಎದುರಾಗಿ ದಾರಿಯಲ್ಲೇ ಮೊಣಕಾಲೂರಿ ಕೂತಳು. ಅವಳ ಒಂದು ಕೈಯಲ್ಲಿ ಬಟ್ಟಲು ತುಂಬ ಬಾಸುಂದಿ, ಇನ್ನೊಂದರಲ್ಲಿ ತುಂಬಿದ ಚಮಚ ಇತ್ತು. ಹಿಂದೆ ಹನ್ನೆರಡು ಮನೆಗಳ ಹೆಂಗಸರು ಬಟ್ಟಲು ಹಿಡಿದು ಸಾಲುಗಟ್ಟುತ್ತಿದ್ದರು.

ಮೂರನೆಯ ಸಲ ನಿಜ ಹೇಳಲೆಂದು ಪಾರಿಸ ಬಾಯಿ ತೆರೆದ. ಅಕ್ಕ ಅದನ್ನೇ ಕಾಯುತ್ತಿದ್ದಳು.