ನಮ್ಮ ಫುಟ್‌ಬಾಲ್ ತಂಡದ ಬೀಳ್ಕೊಡುಗೆ ಸೀಸನ್

ಕಾಲೇಜಿನ ಫುಟ್‌ಬಾಲ್ ತಂಡವನ್ನು ಎದುರಾಳಿಗಳು ಸೋಲಿಸುತ್ತಾರೆ ಅಂದುಕೊಂಡವರು ಕಾಲೇಜಿನಲ್ಲಿ ಕೆಲಸ ಮಾಡಿದವರಲ್ಲ. ಆ ಕೆಲಸವನ್ನು ನಮ್ಮವರೇ ಬಹಳ ಮುತುವರ್ಜಿಯಿಂದ ಮಾಡಿಕೊಡುತ್ತಾರೆ, ಅದೂ ವರ್ಷ ವರ್ಷವೂ. ನಾನು ಧಾರವಾಡದವನು. ವಿಶಾಖಪಟ್ಟಣದ ಅಳಿಯನಾಗಿ ಬಂದು, ಅಲ್ಲೇ ದುವ್ವಾಡದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಿ.ಡಿ. ಆದೆ, ಅಂದರೆ ಆಟ ಆಡಿಸುವ ಮೇಷ್ಟ್ರು.

ಈ ಸಲ ಸೀಸನ್ನಿಗೆ ಮುಂಚೆಯೇ ನಮ್ಮ ಕರೆಸ್ಪಾಂಡೆಂಟರು, ಅಂದರೆ ಕಾಲೇಜಿನ ಯಜಮಾನರು, ನನ್ನನ್ನು ಕರೆಸಿ ಹೇಳಿದರು: “ಪೀಡೀ ಗಾರೂ, ವಿಜಯವಾಡದ ಟೂರ್ನಮೆಂಟಿನಲ್ಲಿ ಒಂದು ಮ್ಯಾಚಾದರೂ ಗೆದ್ದು ಬನ್ನಿ. ಇಲ್ಲದಿದ್ದರೆ ನಿಮ್ಮ ಆಟದ ಗ್ರೌಂಡಿನಲ್ಲಿ ಕಾಲೇಜು ಬಸ್ಸು ನಿಲ್ಲಿಸ್ತೀವಿ.”

ಹುಡುಗರಿಗೆ ಕಾಲು ಚಾಚಲು ಇದ್ದದ್ದು ಅದೊಂದೇ ಜಾಗ. ಆದರೂ ತಂಡ ಚೆನ್ನಾಗಿದೆ ಎಂಬ ಧೈರ್ಯ ನನಗಿತ್ತು.

ಪೂರ್ತಿ ಹಾಜರಿ

ಮೊದಲು ಹೋದವನು ಗೋಲ್‌ಕೀಪರ್. ಬೆಕ್ಕಿನ ಹಾಗೆ ಹಾರುತ್ತಿದ್ದ ಹುಡುಗ. ಬೆಳಗಿನ ಪ್ರಾಕ್ಟೀಸಿನಿಂದಾಗಿ ಮೊದಲ ಪೀರಿಯಡ್ ತಪ್ಪುತ್ತಿತ್ತು. ಹಾಜರಿ ಸಾಲದು ಎಂದು ಗಣಿತದ ಎಚ್‌ಓಡಿ ಅವನ ಆಟವನ್ನೇ ನಿಲ್ಲಿಸಿದರು.

“ಸಾರ್, ಅವನು ಕಾಲೇಜಿಗೋಸ್ಕರ ನಿಲ್ತಾನೆ,” ಅಂದೆ.

“ಎರಡು ಕಂಬದ ಮಧ್ಯೆ ನಿಲ್ಲೋದಕ್ಕೆ ಅವನೇ ಆಗಬೇಕೇನಂಡಿ? ಫುಲ್ ಅಟೆಂಡೆನ್ಸ್ ಇರೋ ಹುಡುಗನ್ನ ಕಳಿಸ್ತೀನಿ. ಕೂತ ಜಾಗದಿಂದ ಕದಲಿದವನಲ್ಲ.”

ಕಳಿಸಿದರು. ಕ್ಲಾಸಿಗೇ ಮೊದಲಿಗನಂತೆ. ನಿಜಕ್ಕೂ ಕದಲಲಿಲ್ಲ. ದ್ವಾರಕಾ ನಗರದ ಹುಡುಗರ ಜೊತೆಗಿನ ಅಭ್ಯಾಸ ಪಂದ್ಯದಲ್ಲಿ ಚೆಂಡು ಅವನ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಒಂದು ಸಲ ಕಾಲ ಸಂದಿಯಲ್ಲೂ ಹೋಯಿತು. ಅವನು ಕನ್ನಡಕ ಸರಿಮಾಡಿಕೊಂಡು ಪ್ರತಿಯೊಂದನ್ನೂ ಶ್ರದ್ಧೆಯಿಂದ ಗಮನಿಸಿದ.

ಮರುದಿನ ಎಚ್‌ಓಡಿ ಕೇಳಿದರು, “ನಮ್ಮ ಹುಡುಗ ಹೇಗೆ?”

“ಕೊನೇವರೆಗೂ ಹಾಜರಿದ್ದ, ಸಾರ್.”

ಅದನ್ನು ಹೊಗಳಿಕೆ ಎಂದುಕೊಂಡು ಅಂಥವನೇ ಆದ ಇನ್ನೊಬ್ಬನನ್ನೂ ಕಳಿಸಿದರು.

ಸ್ವಾಮಿಗಳು

ಆಮೇಲೆ ಕ್ಯಾಪ್ಟನ್. ಹಿಂದೆ ನಿಂತು ಆಡುವವನು, ಅವನನ್ನು ದಾಟಿ ಹೋದವರಿಲ್ಲ. ಅಯ್ಯಪ್ಪ ಮಾಲೆ ಹಾಕಿದ. ಬರಿಗಾಲು, ಕಪ್ಪು ಬಟ್ಟೆ, ಗಡ್ಡ. ಬೂಟಿಲ್ಲದೆ ಮ್ಯಾಚ್ ಆಡುವಂತಿಲ್ಲ. ಅವನದು ನಿಜವಾದ ಭಕ್ತಿ, ಅವನ ಮೇಲೆ ನನ್ನ ತಕರಾರಿಲ್ಲ.

ತಕರಾರು ಉಳಿದವರ ಮೇಲೆ. ನಮ್ಮ ಕಾಲೇಜಿನಲ್ಲಿ ಗಡ್ಡ ಬಿಟ್ಟರೆ ದಂಡ, ಶೂ ಇಲ್ಲದಿದ್ದರೆ ಗೇಟಿನಿಂದಾಚೆ. ಮಾಲೆ ಹಾಕಿದವರಿಗೆ ಎರಡೂ ಮಾಫಿ. ಜೊತೆಗೆ ಕ್ಯಾಪ್ಟನ್ನನ್ನು ನಾನು ಮೈದಾನದ ಸುತ್ತ ಓಡಿಸುತ್ತಿಲ್ಲ ಎನ್ನುವುದೂ ಈ ಮಹಾನುಭಾವರ ಕಣ್ಣಿಗೆ ಬಿತ್ತು. ಮುಂದಿನ ವಾರ ಅರ್ಧ ತಂಡಕ್ಕೆ ಭಕ್ತಿ ಉಕ್ಕಿ ಬಂತು. ಪ್ರಾಕ್ಟೀಸಿಗೆ ಬಂದು ಬೇವಿನ ಮರದ ಕೆಳಗೆ ಸಾಲಾಗಿ ಮಲಗಿದರು.

ಮಾಲೆ ಹಾಕಿದವರನ್ನು ಸ್ವಾಮಿ ಎಂದೇ ಕರೆಯಬೇಕಲ್ಲ. ಸಿಟ್ಟು ತಡೆಯಲಾರದೆ ಕೂಗಿದೆ: “ಸ್ವಾಮಿಗಳೇ, ತಾವು ಎಂಥ ಸೋಮಾರಿ ಕತ್ತೆಗಳು!”

“ಸ್ವಾಮಿ ಶರಣಂ, ಸಾರ್,” ಎಂದು ಎಲ್ಲರೂ ಮಗ್ಗುಲು ಬದಲಿಸಿದರು.

ಬ್ಯಾಲೆನ್ಸು

ಉಳಿದದ್ದು ಸೆಂಟರ್ ಫಾರ್ವರ್ಡ್. ಅವನೊಬ್ಬನಿದ್ದರೆ ಸಾಕು, ಹೇಗೋ ಒಂದು ಮ್ಯಾಚ್ ಎಳೆದುಕೊಂಡು ಹೋಗಬಹುದಿತ್ತು. ಯಜಮಾನರಿಗೆ ವಿಜಯವಾಡದ ಪಕ್ಕ ಇಬ್ರಾಹಿಂಪಟ್ನಂ ಹತ್ತಿರ ಇನ್ನೊಂದು ಕಾಲೇಜಿದೆ. ಅಲ್ಲಿಯ ತಂಡಕ್ಕೆ ಗೋಲು ಹೊಡೆಯುವವರಿಲ್ಲ ಎಂದು ಇವನನ್ನು ಎತ್ತಿ ಅಲ್ಲಿಗೆ ಹಾಕಿದರು.

“ಲೆಕ್ಚರರ್‌ಗಳನ್ನ ಟ್ರಾನ್ಸ್‌ಫರ್ ಮಾಡಲ್ವಾ? ಹಾಗೇ ಇದೂನು. ಬ್ಯಾಲೆನ್ಸ್ ಬೇಕಂಡಿ.”

ಮನೆಗೆ ಬಂದು ಸಂಕಟ ತೋಡಿಕೊಂಡರೆ, ನನ್ನ ಹೆಂಡತಿ ಹುಣಸೆಹಣ್ಣು ಹಿಚುಕುತ್ತ ಕೇಳಿದಳು: “ಏನಂಡಿ, ನೀವು ಫುಟ್‌ಬಾಲ್ ಟೀಮ್ ನಡೆಸ್ತಿದ್ದೀರಾ, ಸೆಂಡಾಫ್ ಪಾರ್ಟಿ ನಡೆಸ್ತಿದ್ದೀರಾ?”

ವಿಜಯವಾಡ

ಉಳಿದ ಅರ್ಧ ತಂಡದ ಜೊತೆ ಕಬಡ್ಡಿ ಹುಡುಗರನ್ನು ತುಂಬಿಕೊಂಡು ಹೋದೆವು. ಚೀಟಿ ಎತ್ತಿದರು. ಮೊದಲ ಮ್ಯಾಚೇ ನಮಗೂ ನಮ್ಮ ಇಬ್ರಾಹಿಂಪಟ್ನಂ ಕಾಲೇಜಿಗೂ! ಯಜಮಾನರು ಶಾಮಿಯಾನಾದಡಿ ಸೋಫಾದಲ್ಲಿ ಕೂತು, ಯಾರು ಚೆಂಡು ಒದ್ದರೂ ಚಪ್ಪಾಳೆ ತಟ್ಟಿದರು. ಎರಡು ತಂಡಕ್ಕೂ ಒಂದೇ ಅಂಗಡಿಯಲ್ಲಿ ಒಂದೇ ಬಣ್ಣದ ಜರ್ಸಿ ತಂದಿದ್ದ ಪುಣ್ಯಾತ್ಮರು ಅವರೇ. ರೆಫರಿ ತಲೆ ಚಚ್ಚಿಕೊಂಡು, ನಮ್ಮ ಹುಡುಗರಿಗೆ ಜರ್ಸಿ ಒಳಮೈ ಹೊರಗೆ ಮಾಡಿ ತೊಡಿಸಿದ.

ನಮ್ಮ ಗೋಲಿನಲ್ಲಿ ಹಾಜರಿ ಪುತ್ರ ಅಲ್ಲಾಡದೆ ನಿಂತಿದ್ದ. ಆ ಕಡೆಯವರು ಹೊಡೆದದ್ದೆಲ್ಲ ಕಂಬಕ್ಕೆ ಬಡಿಯಿತು, ಇಲ್ಲವೇ ಪಕ್ಕದ ಕಾಲುವೆಗೆ ಬಿತ್ತು. ಆಟ ಮುಗಿಯುತ್ತ ಬಂದಾಗ ನಮ್ಮ ಹುಡುಗನೊಬ್ಬ ಬಲತುದಿಯಲ್ಲಿ ಚೆಂಡು ಹಿಡಿದು ಓಡಿದ. ಅವನ ಜೊತೆ ಎರಡು ವರ್ಷ ಆಡಿದ್ದ ನಮ್ಮ ಹಳೆಯ ಸೆಂಟರ್ ಫಾರ್ವರ್ಡ್ ರೂಢಿಬಲದಿಂದ ತಾನೂ ಜೊತೆಗೆ ಓಡಿದ, ಹಾರಿ ಬಂದ ಚೆಂಡಿಗೆ ತಲೆ ಕೊಟ್ಟ, ಸೊಗಸಾಗಿ ತನ್ನ ಹೊಸ ಕಾಲೇಜಿನ ಗೋಲಿಗೇ ಸೇರಿಸಿದ! ಸೇರಿಸಿದವನು ನೆಟ್ಟಗೆ ಬಂದು ನನ್ನನ್ನು ತಬ್ಬಿಕೊಂಡ. “ಸಾರ್, ಗೋಲು!” ಅವನ ಗೋಲ್‌ಕೀಪರ್ ಬಯ್ಯುತ್ತ ಅಟ್ಟಿಸಿಕೊಂಡು ಬಂದಾಗಲೇ ಪಾಪದವನಿಗೆ ಅರಿವಾದದ್ದು.

ಗೆದ್ದೆವು. ನಾಚಿಕೆಗೇಡಿನ ಗೆಲುವೇ ಇರಲಿ, ಗ್ರೌಂಡು ಉಳಿಯಿತಲ್ಲ ಎಂದು ನನ್ನ ಕಣ್ಣು ತೇವವಾಯಿತು. ಯಜಮಾನರು ಶಾಲು ಹೊದಿಸಿ ಬೆನ್ನು ತಟ್ಟಿದರು.

“ಭೇಷ್, ಪೀಡೀ ಗಾರೂ! ಗೋಲ್‌ಕೀಪರ್ ಇಲ್ಲದೆ, ಕ್ಯಾಪ್ಟನ್ ಇಲ್ಲದೆ, ಸೆಂಟರ್ ಫಾರ್ವರ್ಡ್ ಇಲ್ಲದೆ ಗೆದ್ದಿರಿ. ಇನ್ನು ಗ್ರೌಂಡ್ ಇಲ್ಲದೆಯೂ ಗೆಲ್ತೀರಿ ಬಿಡಿ. ಸೋಮವಾರದಿಂದ ಅಲ್ಲಿ ಬಸ್ಸು ನಿಲ್ಲಿಸೋಕೆ ಹೇಳಿದ್ದೀನಿ.”