ಕೌಕೊನ ಗುರುವಾರದ ಹಾಲು

ಕೌಕೊ ಆ ಭಾನುವಾರ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಇಗರ್ಜಿಯ ಕೋಣೆಯಲ್ಲಿ ಊರೆಲ್ಲ ಕೂತಿದ್ದಾಗ ಅವನು ಮೇಜಿನ ಮೇಲಿನ ಹಾಲಿನ ಪೊಟ್ಟಣ ಎತ್ತಿಕೊಂಡ. ಬೆನ್ನಿನ ಸಣ್ಣಕ್ಷರಗಳನ್ನು ಶಾಸ್ತ್ರಪಾಠದ ಧಾಟಿಯಲ್ಲಿ ಓದಿದ: "ಹಾಲು. ವಿಟಮಿನ್ ಡಿ."

"ಹಾಲು ಅಂದ್ಮೇಲೆ ಹಾಲು ಅಂತಷ್ಟೇ ಬರೀಬೇಕು. ಎರಡನೇ ಮಾತು ಬಂತೂಂದ್ರೆ ಹಸು ಜೊತೆ ಇನ್ಯಾರೋ ಕೈ ಹಾಕಿದಾರೆ ಅಂತ."

ಅಂಗಡಿಯ ಎನ್ಸಿಯೊಗೆ ಇದು ನಾಟಿತು. "ಕಣ್ಣು ಕಟ್ಟಿ ಕೊಟ್ರೆ ಹೇಳ್ತೀಯಾ, ಯಾವುದು ನನ್ನ ಅಂಗಡೀದು, ಯಾವುದು ಐಲಿ ಮನೆ ಹಸೂದು?"

"ನಿದ್ದೆಗಣ್ಣಲ್ಲೂ ಹೇಳ್ತೀನಿ. ಐಲಿ ಹಾಲಿಗೆ ಒಂದು ಸಿಹಿ ಇದೆ. ಕಳೆದ ಅಕ್ಟೋಬರಿಂದ ನನ್ನ ಹೊಟ್ಟೆ ಒಂದು ಸಲಾನೂ ಗುಡುಗಿಲ್ಲ."

"ಸೋತ್ರೆ ಜೀವಮಾನಪೂರ್ತಿ ನನ್ನ ಅಂಗಡಿ ಹಾಲೇ."

"ಆಗ್ಲಿ."

ತಾನು ಒಪ್ಪಿಕೊಂಡದ್ದೇನು ಎಂದು ಕೌಕೊಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆ. ಅವನು ಇಗರ್ಜಿಯ ಪರಿಚಾರಕ, ಹೆಂಡತಿ ಸತ್ತವನು. ಐಲಿ ಗಂಡ ಸತ್ತವಳು, ಸರೋವರದ ಆಚೆ ದಡದವಳು. ಗುರುವಾರ ಬಂತೆಂದರೆ ಕೌಕೊ ಕಾಲಿನಿಂದ ಒದ್ದು ಓಡಿಸುವ ಹಿಮಬಂಡಿಗೆ ಖಾಲಿ ಬಾಟಲಿ ಕಟ್ಟಿ, ಹೆಪ್ಪುಗಟ್ಟಿದ ನೀರಿನ ಮೇಲೆ ಎರಡು ಕಿಲೋಮೀಟರು ಅವಳ ಮನೆಗೆ ಹಾಲಿಗೆ ಹೋಗುತ್ತಿದ್ದ. ಐಲಿ ಕಾಫಿ ಕೊಡುತ್ತಿದ್ದಳು, ಏಲಕ್ಕಿ ಬನ್ನು ಕೊಡುತ್ತಿದ್ದಳು. ಹವಾಮಾನದ ಮಾತು ಒಂದು ತಾಸು ನಡೆಯುತ್ತಿತ್ತು. ಬರೀ ಹಾಲೇ ಬೇಕಿದ್ದರೆ ಎನ್ಸಿಯೊನ ಅಂಗಡಿ ಅವನ ಕಿಟಕಿಯ ಎದುರಿಗೇ ಇತ್ತು, ಇಪ್ಪತ್ತು ಹೆಜ್ಜೆ. ಪಂತ ಸೋತರೆ ಅವನಿಗೆ ಹೋಗುವುದು ಹಾಲಲ್ಲ, ಗುರುವಾರ.

ಪರೀಕ್ಷೆಯ ಭಾನುವಾರ ಅವನ ಗಮನವೆಲ್ಲ ಹಾಲಿನ ಮೇಲಿತ್ತು. ಸಭೆ ಹಾಡಬೇಕಾದ ಕೀರ್ತನೆಗಳ ಸಂಖ್ಯೆಗಳನ್ನು ಹಲಗೆಗೆ ಸಿಕ್ಕಿಸುವಾಗ ಒಂದನ್ನು ತಪ್ಪಾಗಿ ಹಾಕಿದ. ಫೆಬ್ರುವರಿಯ ಹಿಮ ಕಿಟಕಿಗೆ ಬಡಿಯುತ್ತಿರುವಾಗ ಸಭೆಯೆಲ್ಲ ಎದ್ದು ನಿಂತು ಬೇಸಿಗೆಯ ಹುಲ್ಲುಗಾವಲನ್ನೂ ಹಕ್ಕಿಗಳನ್ನೂ ಭಕ್ತಿಯಿಂದ ಹಾಡಿತು. ಪಾದ್ರಿಗಳು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು, ಅಷ್ಟೆ. ಆಮೇಲೆ ಕೌಕೊ ಧೈರ್ಯಕ್ಕೆಂದು ಬಿಸಿ ಕಾಫಿ ಗುಟುಕರಿಸಿ ನಾಲಿಗೆ ಸುಟ್ಟುಕೊಂಡ.

ಅಡುಗೆಕೋಣೆಯ ಯಜಮಾನಿ ರೈಲಿ ಪಕ್ಕದ ಹಳ್ಳಿಗೂ ಸುದ್ದಿ ಮುಟ್ಟಿಸಿದ್ದಳು. ಮೀನಿನ ವಾಸನೆಯ ಪಾತ್ರೆವಸ್ತ್ರವನ್ನು ಅವನ ಕಣ್ಣಿಗೆ ಬಿಗಿದಳು. "ಉಸಿರಾಡೋಕೆ ಆಗುತ್ತಾ?"

"ಆಗುತ್ತೆ. ಆಗದಿದ್ರೆ ಚೆನ್ನಾಗಿತ್ತು."

ಮೂರು ಬಟ್ಟಲು ಬಂದವು. ಕೌಕೊ ಒಂದನೆಯದನ್ನು ಕುಡಿದ; ಮುಖ ಅರಳಿತು. ಎರಡನೆಯದನ್ನು ಕುಡಿದ, ಗೋಡೆಯ ಸುಣ್ಣ ನೆಕ್ಕಿದವನ ಹಾಗೆ ಮುಖ ಮಾಡಿದ. ಮೂರನೆಯದು ಗಂಟಲಿಗಿಳಿದಾಗ ತಲೆ ಕೆರೆದುಕೊಂಡ. ಮತ್ತೆ ಒಂದನೆಯದು, ಮತ್ತೆ ಮೂರನೆಯದು.

"ಎರಡನೇದು ಅಂಗಡೀದು," ಅಂದ. "ಒಂದೂ ಮೂರೂ ಐಲಿದು. ಒಂದೇ ಹಸೂದು."

ಕೋಣೆ ಬಿದ್ದು ಬಿದ್ದು ನಕ್ಕಿತು. ಎನ್ಸಿಯೊ ಕಣ್ಣೊರೆಸಿಕೊಂಡು ಪೊಟ್ಟಣ ಎತ್ತಿ ತೋರಿಸಿದ. "ಒಂದನೇದು ನನ್ನ ಅಂಗಡೀದೇ ಕಣಯ್ಯ. ಹೊಟ್ಟೆಗೆ ಆಗದವರು ಕುಡಿಯೋ ಲ್ಯಾಕ್ಟೋಸ್ ಇಲ್ಲದ ಹಾಲು. ಅದು ಸಿಹಿ ಜಾಸ್ತಿ ಅಂತ ಬೇಕಂತ್ಲೇ ಇಟ್ಟಿದ್ದೆ. ಇನ್ನೊಂದ್ಸಲ ಓದು ಶಾಸ್ತ್ರಪಾಠ."

ಕೌಕೊ ವಸ್ತ್ರ ಬಿಚ್ಚಿ, ನಗು ಮುಗಿಯುವುದನ್ನು ಕಾಯದೆ ಅಡುಗೆಕೋಣೆಗೆ ನುಸುಳಿದ. ಅಲ್ಲಿ ಐಲಿ ಒಬ್ಬಳೇ ಬಟ್ಟಲು ಒರೆಸುತ್ತಿದ್ದಳು.

"ನೀನು ಹೇಳಿದ್ದು ಸರಿ," ತಲೆ ಎತ್ತದೆ ಅಂದಳು.

"ಸಮಾಧಾನ ಬೇಡ ಬಿಡು."

"ಸಮಾಧಾನ ಅಲ್ಲ. ಒಂದೂ ಮೂರೂ ಒಂದೇ ಹಾಲು. ನನ್ನ ಮೊಣಕಾಲು ಕೈಕೊಡ್ತು, ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯೋಕಾಗ್ಲಿಲ್ಲ, ಹಸು ಮಾನ್ಸಿಕ್ಕಿನ ಅಕ್ಟೋಬರಲ್ಲೇ ತಮ್ಮನ ಕೊಟ್ಟಿಗೆಗೆ ಕಳಿಸ್ದೆ. ಅವತ್ತಿಂದ ಬುಧವಾರ ಎನ್ಸಿಯೊ ಅಂಗಡೀಲಿ ಪೊಟ್ಟಣ ತಗೊಂಡು ಹೋಗಿ ನಿನ್ನ ಬಾಟಲಿಗೆ ಸುರೀತೀನಿ. ನಿನ್ನ ಹೊಟ್ಟೆ ಗುಡುಗ್ತಿತ್ತಲ್ಲ, ಅದಕ್ಕೇ ಆ ಹಾಲು."

ಕೌಕೊ ಹಿಟ್ಟಿನ ಡಬ್ಬದ ಮೇಲೆ ಕೂತ. "ಎನ್ಸಿಯೊ ಕೇಳ್ಲಿಲ್ವಾ, ಹಸು ಇಟ್ಕೊಂಡು ಹಾಲು ಯಾಕೆ ಅಂತ?"

"ಬೆಕ್ಕಿಗೆ ಅಂದಿದೀನಿ."

"ನನಗೆ ಹೇಳ್ಬಹುದಿತ್ತು."

"ಹಸು ಇಲ್ಲ ಅಂದಿದ್ರೆ ನೀನು ಬರ್ತಿದ್ಯಾ? ನಾಲ್ಕು ತಿಂಗಳಲ್ಲಿ ಒಂದ್ಸಲನಾದ್ರೂ ಕೊಟ್ಟಿಗೆ ಕಡೆ ನೋಡಿದ್ಯಾ?"

ನೋಡಿರಲಿಲ್ಲ. ಅವಳ ಮನೆಯ ಅಡುಗೆಕೋಣೆಯಲ್ಲಿ ಅವನು ಅವಳನ್ನೇ ನೋಡುತ್ತ ಕೂರುತ್ತಿದ್ದ.

ಆಚೆ ಕೋಣೆಯಲ್ಲಿ ನಗು ಇನ್ನೂ ಅಲೆಯಲೆಯಾಗಿ ಏಳುತ್ತಿತ್ತು. ಒಂದು ಮಾತು ಹೇಳಿದ್ದರೆ ಅದು ನಿಲ್ಲುತ್ತಿತ್ತು, ಊರಿನ ಎದುರು ಅವನ ನಾಲಿಗೆಯ ಮಾನ ಉಳಿಯುತ್ತಿತ್ತು. ಆದರೆ ಮುಂದಿನ ಭಾನುವಾರದಿಂದ ಅವರು ಐಲಿಯನ್ನು ನೋಡಿ ನಗುತ್ತಿದ್ದರು. ಕೌಕೊ ಇನ್ನೊಂದು ವಸ್ತ್ರ ತಗೊಂಡು ಬಟ್ಟಲು ಒರೆಸತೊಡಗಿದ.

"ನಾನು ಮಾತು ಕೊಟ್ಟಾಗಿದೆ, ಐಲಿ. ಇನ್ಮೇಲೆ ಎನ್ಸಿಯೊ ಅಂಗಡಿ ಹಾಲೇ ಕುಡೀಬೇಕು."

"ನನ್ನ ಬಾಟಲೀಲಿರೋದೂ ಅದೇ ತಾನೆ?"

ಕೌಕೊನ ಕೈ ನಿಂತಿತು. "ಹಾಗಾದ್ರೆ ಗುರುವಾರ?"

"ಬನ್ನು ಮಾಡಿರ್ತೀನಿ."

ಬುಧವಾರ ಅವನು ಕಿಟಕಿಯಲ್ಲಿ ನಿಂತು, ಎದುರಿನ ಅಂಗಡಿಯಿಂದ ಐಲಿ ಎರಡು ಪೊಟ್ಟಣ ಹಿಡಿದು ಸರೋವರ ದಾಟುವುದನ್ನು ಕಣ್ಮರೆಯಾಗುವ ತನಕ ನೋಡಿದ. ಮಾರನೆಯ ದಿನ, ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ, ಅವೆರಡನ್ನು ವಾಪಸು ತರಲು ಹಿಮಬಂಡಿಗೆ ಬಾಟಲಿ ಕಟ್ಟಿದ.

ಎನ್ಸಿಯೊ ಅಂಗಡಿಯ ಬಾಗಿಲಿಂದಲೇ ಕೂಗಿದ. "ಎಲ್ಲಿಗೆ ಹೊರಟೆ ಮಾರಾಯ? ಕೊಟ್ಟ ಮಾತು ನೆನಪಿದೆ ತಾನೆ?"

"ನೆನಪಿದೆ ಕಣಯ್ಯ," ಅಂದ ಕೌಕೊ. "ನಿನ್ನ ಅಂಗಡಿ ಹಾಲಿಗೇ ಹೊರಟಿದೀನಿ."

ಆಮೇಲೆ ಬಂಡಿಯನ್ನು ಸರೋವರದ ಕಡೆ ತಿರುಗಿಸಿ ಒಂದು ಒದೆ ಕೊಟ್ಟ.