ಪೆಟ್ಟಿಗೆಯೊಳಗಿನ ಎಂಟು ಕಿಲೋ

ವಿಮಾನದವರ ನ್ಯಾಯ ನೋಡಿ: ಪೆಟ್ಟಿಗೆಯನ್ನು ತೂಗುತ್ತಾರೆ, ಮನುಷ್ಯನನ್ನು ತೂಗುವುದಿಲ್ಲ! ಇಪ್ಪತ್ತು ಕಿಲೋದ ಮೇಲೆ ಒಂದು ಸೋಪು ಹೆಚ್ಚಾದರೂ ಕಣ್ಣು ಕೆಂಪು. ಆನೆಗಾತ್ರದ ಮಹಾನುಭಾವ ಬಂದರೆ ನಗುನಗುತ್ತಾ ಸ್ವಾಗತ. (ಇದನ್ನು ಖಂಡಿಸಿ ಪತ್ರಿಕೆಯಲ್ಲಿ ಬರೆದಿದ್ದೇನೆ. ಯಾರೂ ನಾಚಿಕೊಂಡಿಲ್ಲ.)

ನನ್ನಾಕೆ ತಂಗಿಯ ಬಾಣಂತನಕ್ಕೆ ಹೊರಟಿದ್ದಳು. ಹುಟ್ಟಲಿರುವ ಕೂಸಿಗೆಂದು ತಿಂಗಳುಗಟ್ಟಲೆ ಕೂತು ಹೊಲಿದ ಹತ್ತಿಯ ಹೊದಿಕೆ ಪೆಟ್ಟಿಗೆಯ ತಳದಲ್ಲಿತ್ತು. ಅದರದೇ ಒಂದು ಎಳೆ ಕಿಟಕಿಯ ಬಿಸಿಲಲ್ಲಿ ತೇಲುತ್ತಿತ್ತು. ಒಂದು ಮಿಲಿಗ್ರಾಂ ಇದ್ದೀತೆ? ಲೆಕ್ಕ ಹಾಕುತ್ತಾ ನಾನೂ ತೇಲಿದೆ. ಟನ್‌ಗಟ್ಟಲೆ ನೀರು ಹೊತ್ತ ಮೋಡಗಳೂ ಹೀಗೇ ತೇಲುತ್ತವಲ್ಲ...

“ಕನಸು ಸಾಕು, ಪೆಟ್ಟಿಗೆ ತೂಗಿ!”

ಪೆಟ್ಟಿಗೆಯನ್ನು ಅಪ್ಪಿಕೊಂಡು ಮೈತೂಕದ ಯಂತ್ರದ ಮೇಲೆ ನಿಂತೆ. ತೊಂಬತ್ತಾರು. ನನ್ನ ಅರವತ್ತೆಂಟು ಕಳೆದರೆ ಇಪ್ಪತ್ತೆಂಟು!

“ಮೊದಲು ನೀವೊಬ್ರೇ ನಿಂತು ನೋಡ್ರೀ.”

“ನೋಡೋದೇನು? ಮದುವೆ ದಿನ ಅರವತ್ತೆಂಟು. ಇದು ದ್ರವ್ಯರಾಶಿ ಕಣೇ, ಚಂದ್ರನ ಮೇಲೆ ಹೋದ್ರೂ ಬದಲಾಗಲ್ಲ.”

“ಚಂದ್ರನ ಮೇಲೆ ಬದಲಾಗಲ್ಲ, ಸರಿ. ಊಟದ ಮೇಲೆ?”

ಅಜ್ಞಾನದೊಡನೆ ವಾದವೇಕೆಂದು (ವಿಜ್ಞಾನವನ್ನು ಯಾವ ಮೇಷ್ಟ್ರ ಹಂಗೂ ಇಲ್ಲದೆ ಕಲಿತವನು ನಾನು) ಎಂಟು ಕಿಲೋ ಇಳಿಸಲು ಕೂತೆ. ಬಟ್ಟೆ, ಚಪ್ಪಲಿ, ಎಣ್ಣೆಯ ಡಬ್ಬಿ ಹೊರಬಿದ್ದವು. ಸಾಲಲಿಲ್ಲ. ಕೊನೆಗೆ ಹೊದಿಕೆಗೆ ಕೈ ಹಾಕಿದೆ. ಅವಳು ಇನ್ನೊಂದು ಅಂಚು ಹಿಡಿದಳು.

“ಇದೊಂದು ಇರ್ಲಿ ರೀ.”

“ತೂಕದಲ್ಲಿ ಮೋಸ ಈ ಮನೇಲಿ ನಡೆಯಲ್ಲ!”

ಅವಳ ಕಣ್ಣು ತುಂಬಿತು. ನನ್ನ ಆತ್ಮಸಾಕ್ಷಿ ತೃಪ್ತಿಯಿಂದ ತೇಗಿತು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅಂಕಿ ಮೂಡಿತು: ಹನ್ನೆರಡು.

“ಇನ್ನೂ ಎಂಟು ಕಿಲೋ ತರಬಹುದಿತ್ತಲ್ಲಮ್ಮ,” ಎಂದಳು ಕೌಂಟರಿನಾಕೆ.

ಹೆಂಡತಿ ಅಂಕಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ ನನ್ನ ಹೊಟ್ಟೆಯನ್ನು ನೋಡಿದಳು.

“ತಂದಿದ್ದೀನಮ್ಮ. ಇವರ ಶರ್ಟಿನೊಳಗಿದೆ.” ಬಳಿಕ ನನ್ನತ್ತ ತಿರುಗಿ, “ಕೂಸು ಹುಟ್ಟೋ ಮುಂಚೆ ಹೊದಿಕೆ ಅಲ್ಲಿರ್ಬೇಕು. ನೀವೇ ತರ್ತೀರಿ. ಬಸ್ಸಲ್ಲಿ. ಅಲ್ಲಿ ಯಾರೂ ತೂಗಲ್ಲ,” ಎಂದು ಒಳಗೆ ನಡೆದಳು.

ಬಸ್ಸು ಹೊರಟು ಒಂದು ಹಗಲಾಯಿತು. ಮಡಿಲಲ್ಲಿ ಹೊದಿಕೆ, ಕಿಟಕಿಯಾಚೆ ಟನ್‌ಗಟ್ಟಲೆ ಮೋಡ. ನಾನು ಮತ್ತೆ ತೇಲುತ್ತಿದ್ದೆ.

“ಸ್ವಲ್ಪ ಸರೀರಿ ಸ್ವಾಮಿ, ನಾನು ಅರ್ಧ ಆಚೆಗಿದ್ದೀನಿ,” ಎಂದರು ಪಕ್ಕದ ಅಜ್ಜಿ.

“ಏನ್ಮಾಡ್ಲಮ್ಮ, ಲಗೇಜು ದೊಡ್ಡದು.”

ಅಜ್ಜಿ ಹೊದಿಕೆಯನ್ನೆತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

“ಹ್ಞಾಂ, ಈಗ ಸರೀರಿ.”

ಸರಿಯಲು ಜಾಗವಿರಲಿಲ್ಲ.